ಬಟ್ಟೆಯ ನೂಲು ಯಾವುದು? ನೀರು, ಬೆಂಕಿಯಿಂದ ಮನೆಯಲ್ಲೇ ಪತ್ತೆ ಮಾಡಿ

ಆಷಾಢದಲ್ಲಿ ಅರಸೀಕೆರೆಯಲ್ಲಿ ಬೆಳಿಗ್ಗೆ ಒಗೆದ ಪಂಚೆ ಮಧ್ಯಾಹ್ನದ ಹೊತ್ತಿಗೆ ಗರಿಗರಿಯಾಗಿರುತ್ತದೆ. ಅದೇ ಜಿಲ್ಲೆಯ ಸಕಲೇಶಪುರದಲ್ಲಿ ಅದೇ ಪಂಚೆ ಮೂರು ದಿನವಾದರೂ ತಣ್ಣಗೆ ಕೈಗೆ ಅಂಟುತ್ತದೆ. ಕಡೂರಿಗೂ ಮೂಡಿಗೆರೆಗೂ ಇರುವ ವ್ಯತ್ಯಾಸವೂ ಇದೇ. ಹಾಸನ, ಚಿಕ್ಕಮಗಳೂರಿನವರಿಗೆ ಬಯಲುಸೀಮೆ, ಮಲೆನಾಡು ಎರಡೂ ಬಸ್ಸಿನ ದೂರದಲ್ಲೇ ಇವೆ. ಆದರೂ ಅಂಗಡಿಗೆ ಹೋದಾಗ ಬಣ್ಣ, ಅಂಚು, ಬೆಲೆ ನೋಡುತ್ತೇವೆಯೇ ಹೊರತು ಈ ನೂಲು ಎಷ್ಟು ನೀರು ಕುಡಿಯುತ್ತದೆ ಅಂತ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ ಆಗಬೇಕು. ಬೆವರಿಗೆ ಹಿತವೋ, ಚಳಿಗೆ ಬೆಚ್ಚಗೋ, ಬೀರುವಿನಲ್ಲಿ ಬೂಷ್ಟು ಹಿಡಿಯುತ್ತದೋ ಎಂಬುದೆಲ್ಲ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಒಂದು ಅಂದಾಜು ಇರಲಿ. ಪೂರ್ತಿ ಒಣಗಿಸಿದ 100 ಗ್ರಾಂ ನೂಲನ್ನು ಸಾಧಾರಣ ತೇವದ ಗಾಳಿಯಲ್ಲಿ ಸುಮ್ನೆ ಇಟ್ಟರೂ ಸಾಕು, ಹತ್ತಿ ಸುಮಾರು 8 ಗ್ರಾಂ ನೀರು ಎಳೆದುಕೊಳ್ಳುತ್ತದೆ. ರೇಷ್ಮೆ 11, ಲಿನನ್ 12, ಸೆಣಬು 13ರಿಂದ 14, ಉಣ್ಣೆ ಸುಮಾರು 16 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ.

ಮೊದಲು ನೂಲು ಬಿಡಿಸಿ

ಸೀರೆಯಾದರೆ ಒಳಗೆ ಸಿಕ್ಕಿಸುವ ತುದಿಯಿಂದ, ಶರ್ಟಾದರೆ ಒಳಹೊಲಿಗೆಯ ಅಂಚಿನಿಂದ ನಾಲ್ಕಾರು ಎಳೆ ಎಳೆದುಕೊಳ್ಳಿ. ಹಾಸಿನ ಎಳೆ (ಉದ್ದಕ್ಕೆ ಹೋಗುವುದು), ಹೊಕ್ಕಿನ ಎಳೆ (ಅಡ್ಡಕ್ಕೆ ಹೋಗುವುದು) ಎರಡೂ ಬೇಕು, ಬೇರೆ ಬೇರೆ ಇಡಿ. ಹಾಸು ರೇಷ್ಮೆಯಾಗಿ ಹೊಕ್ಕು ಪಾಲಿಯೆಸ್ಟರ್ ಆಗಿರುವ ಸೀರೆಗಳು ಬೇಕಾದಷ್ಟಿವೆ. ಹೊಲಿಗೆ ದಾರವನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಡಿ. ಅದು ಸಾಮಾನ್ಯವಾಗಿ ಪಾಲಿಯೆಸ್ಟರೇ, ಬಟ್ಟೆ ಯಾವುದಾದರೂ ಸರಿ.

ಈಗ ಒಂದು ಎಳೆಯ ಹುರಿಯನ್ನು ಉಲ್ಟಾ ತಿರುಗಿಸಿ ಬಿಡಿಸಿ. ಎರಡು ಮೂರು ಸೆಂಟಿಮೀಟರ್ ಉದ್ದದ ಚಿಕ್ಕ ಚಿಕ್ಕ ನಾರು ಉದುರಿದರೆ ಹತ್ತಿ ಇರಬಹುದು. ಗುಂಗುರಾಗಿ, ಎಳೆದು ಬಿಟ್ಟರೆ ಹಿಂದಕ್ಕೆ ಬರುವಂತಿದ್ದರೆ ಉಣ್ಣೆ. ರೇಷ್ಮೆಯದು ಬೇರೆಯೇ ಕಥೆ. ಒಂದು ಗೂಡಿನಿಂದ ನೂರಾರು ಮೀಟರ್, ಒಳ್ಳೆಯ ಗೂಡಾದರೆ ಒಂದು ಕಿಲೋಮೀಟರ್ ದಾಟುವಷ್ಟು ಉದ್ದದ ಒಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದಲೇ ರೇಷ್ಮೆ ನೂಲಿನಲ್ಲಿ ತುಂಡು ನಾರು ಕಾಣುವುದಿಲ್ಲ. ಪಾಲಿಯೆಸ್ಟರ್ ಎಳೆಯನ್ನೂ ಹೀಗೇ ಉದ್ದಕ್ಕೆ ತಯಾರಿಸಬಹುದು. ಹಾಗಾಗಿ ಕಣ್ಣೊಂದನ್ನೇ ನಂಬಿ ನಿರ್ಧಾರಕ್ಕೆ ಬರಬೇಡಿ.

ನೀರಿನ ಪರೀಕ್ಷೆ

ಒಂದು ಸಲ ಒಗೆದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹೊಸ ಬಟ್ಟೆಗೆ ಗಂಜಿ, ಮೇಣದ ಲೇಪ ಇರುತ್ತದೆ, ಅದು ತಪ್ಪು ಉತ್ತರ ಕೊಡುತ್ತದೆ. ಹತ್ತಿ, ಲಿನನ್ ಹನಿಯನ್ನು ಬೇಗ ಹೀರಿ ಹರಡುತ್ತವೆ. ಉಣ್ಣೆಯ ಮೇಲೆ ಹನಿ ಸ್ವಲ್ಪ ಹೊತ್ತು ಗುಂಡಗೆ ಕೂರುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಉಪಯೋಗದ್ದು. ಒಂದು ಎಳೆಯ ನಡುಭಾಗ ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ಹತ್ತಿ, ಲಿನನ್ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತವೆ. ಒಗೆಯುವ ಕಲ್ಲಿನ ಮೇಲೆ ಅಷ್ಟು ಪೆಟ್ಟು ತಿಂದೂ ಹತ್ತಿ ಬಟ್ಟೆ ವರ್ಷಗಟ್ಟಲೆ ಬಾಳುವುದಕ್ಕೆ ಇದೂ ಒಂದು ಕಾರಣ. ವಿಸ್ಕೋಸ್, ಅಂದರೆ ರೇಯಾನ್, ಇದಕ್ಕೆ ತದ್ವಿರುದ್ಧ. ಒದ್ದೆಯಾದರೆ ಸುಮಾರು ಅರ್ಧ ಬಲ ಕಳೆದುಕೊಂಡು, ನೆನೆದ ಜಾಗದಲ್ಲೇ ಪಟ್ಟನೆ ತುಂಡಾಗುತ್ತದೆ. ಮರದ ತಿರುಳಿನಿಂದ ಮಾಡುವ ಈ ನೂಲು ಬೆಂಕಿಯಲ್ಲಿ ಹತ್ತಿಯ ಹಾಗೆಯೇ ಉರಿಯುತ್ತದೆ. ಇವೆರಡನ್ನು ಬೇರೆ ಮಾಡಲು ಮನೆಯಲ್ಲಿ ನೀರೇ ಸುಲಭದ ದಾರಿ.

ಬೆಂಕಿಯ ಪರೀಕ್ಷೆ

ಇದನ್ನು ಎಚ್ಚರಿಕೆಯಿಂದ ಮಾಡಿ. ಸ್ಟೀಲ್ ತಟ್ಟೆ, ಒಂದು ಚಿಮಟ, ಮೋಂಬತ್ತಿ, ಪಕ್ಕದಲ್ಲಿ ನೀರು ಇರಲಿ. ಕಿಟಕಿ ತೆರೆದಿರಲಿ, ಮಕ್ಕಳು ದೂರ ಇರಲಿ. ಇಳಿಬಿದ್ದ ಸೆರಗು, ದುಪಟ್ಟಾ ಬೇಡ. ಎಳೆಯನ್ನು ಚಿಮಟದಲ್ಲಿ ಹಿಡಿದು ನಿಧಾನವಾಗಿ ಜ್ವಾಲೆಯ ಪಕ್ಕಕ್ಕೆ ತನ್ನಿ. ನೋಡಬೇಕಾದ್ದು ಹತ್ತಿರ ಬಂದಾಗ ಏನಾಗುತ್ತದೆ, ಉರಿಯುವಾಗ ಏನು ವಾಸನೆ, ಹಿಂದಕ್ಕೆ ತೆಗೆದಾಗ ಆರುತ್ತದೋ ಇಲ್ಲವೋ, ಕೊನೆಗೆ ಏನು ಉಳಿಯುತ್ತದೆ ಎಂಬುದನ್ನು.

ಹತ್ತಿ, ಲಿನನ್, ಸೆಣಬು ತಕ್ಷಣ ಹೊತ್ತಿಕೊಂಡು ಹಳದಿ ಜ್ವಾಲೆಯಲ್ಲಿ ಉರಿಯುತ್ತವೆ. ಹಿಂದೆ ತೆಗೆದರೂ ಉರಿ ನಿಲ್ಲದು, ಆರಿಸಿದ ಮೇಲೂ ತುದಿಯಲ್ಲಿ ಕೆಂಡ ಉಳಿಯುತ್ತದೆ. ಕಾಗದ ಸುಟ್ಟ ವಾಸನೆ, ಊದಿದರೆ ಹಾರುವ ಬೂದಿ. ಇವೆಲ್ಲ ಗಿಡದಿಂದ ಬಂದ ನಾರುಗಳು, ಕಾಗದದ ಹಾಗೆ ಮುಖ್ಯವಾಗಿ ಸೆಲ್ಯುಲೋಸ್.

ರೇಷ್ಮೆ, ಉಣ್ಣೆ ಪ್ರಾಣಿಯಿಂದ ಬಂದ ಪ್ರೋಟೀನ್. ಜ್ವಾಲೆ ಕಂಡರೆ ಮುದುರಿ ಹಿಂದೆ ಸರಿಯುತ್ತವೆ, ನಿಧಾನ ಸುಡುತ್ತವೆ, ಹಿಂದೆ ತೆಗೆದರೆ ಹೆಚ್ಚಾಗಿ ತಾವೇ ಆರುತ್ತವೆ. ಕೂದಲು ಸುಟ್ಟ ವಾಸನೆ ಬಂತೆಂದರೆ ಅನುಮಾನ ಬೇಡ. ಉಳಿದ ಕಪ್ಪು ಗುಂಡನ್ನು ಆರಿದ ಮೇಲೆ ಹಿಸುಕಿದರೆ ಪುಡಿಯಾಗುತ್ತದೆ.

ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತದೆ. ಆ ಹನಿ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಅದಕ್ಕೇ ತಟ್ಟೆ ಬೇಕು. ಕಪ್ಪು ಹೊಗೆ, ಎಷ್ಟು ಹಿಸುಕಿದರೂ ಪುಡಿಯಾಗದ ಗಟ್ಟಿ ಮಣಿ. ಚಳಿಗಾಲದಲ್ಲಿ ರಸ್ತೆ ಬದಿ ರಾಶಿ ಹಾಕಿ ಮಾರುವ ‘ಉಲ್ಲನ್’ ಸ್ವೆಟರುಗಳ ಎಳೆ ಸುಟ್ಟು ನೋಡಿ. ಅನೇಕವು ಅಕ್ರಿಲಿಕ್, ಅಂದರೆ ಉಣ್ಣೆಯ ಹಾಗೆ ಕಾಣುವ ಕೃತಕ ನೂಲು. ಜೋರಾಗಿ ಉರಿದು ಅಂಕುಡೊಂಕಾದ ಗಟ್ಟಿ ಕರಿ ಉಳಿಸುತ್ತವೆ. ಅಕ್ರಿಲಿಕ್ ಬೆಚ್ಚಗಿರುವುದಿಲ್ಲ ಅಂತಲ್ಲ, ಆದರೆ ಉಣ್ಣೆಯ ದುಡ್ಡು ಕೊಟ್ಟು ಅದನ್ನು ಕೊಳ್ಳಬಾರದು ಅಲ್ವಾ?

ಮಿಶ್ರ ನೂಲಾದರೆ ಎರಡೂ ಗುರುತು ಸಿಗುತ್ತವೆ. ಬೂದಿಯ ನಡುವೆ ಗಟ್ಟಿ ಕಾಳು ಸಿಕ್ಕರೆ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ್ದಾರೆ ಎಂದರ್ಥ.

ಅಂಗಡಿಯಲ್ಲಿ ನಿಂತು ಸೀರೆಯ ಎಳೆ ಸುಡೋಕೆ ಆಗಲ್ಲ. ಅಲ್ಲಿ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಶುದ್ಧ ರೇಷ್ಮೆಯನ್ನು ಗುರುತಿಸಲೆಂದು ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಗುರುತು ಅದು. ಉಂಗುರದಲ್ಲಿ ಸೀರೆ ತೂರಿಸಿ ತೋರಿಸಿದರೆ ಮರುಳಾಗಬೇಡಿ. ತೆಳುವಾದ ಪಾಲಿಯೆಸ್ಟರ್ ಸೀರೆಯೂ ಉಂಗುರದಲ್ಲಿ ತೂರುತ್ತದೆ.

ಯಾವ ಸೀಮೆಗೆ ಯಾವ ನೂಲು

ಕಡೂರು, ಅರಸೀಕೆರೆಯ ಬಿಸಿಲಿಗೆ ಹತ್ತಿ, ಲಿನನ್ ಬಿಟ್ಟು ಬೇರೆ ಹುಡುಕಬೇಕಿಲ್ಲ. ಬೆವರು ಹೀರಿ ಗಾಳಿಗೆ ಬಿಡುತ್ತವೆ, ಆ ಆವಿ ಮೈಯ ಬಿಸಿಯನ್ನೂ ಒಯ್ಯುತ್ತದೆ. ಲಿನನ್ ಬೇಗ ಸುಕ್ಕಾಗುತ್ತದೆ, ಅದನ್ನು ಒಪ್ಪಿಕೊಂಡೇ ತೊಡಬೇಕು.

ಇದೇ ಗುಣ ಮಲೆನಾಡಿನ ಮಳೆಯಲ್ಲಿ ತೊಂದರೆಯಾಗುತ್ತದೆ. ನೆಂದ ಹತ್ತಿ ಬೇಗ ಒಣಗದು, ಮೈಗೆ ಅಂಟಿ ಬಿಸಿ ಎಳೆಯುತ್ತಲೇ ಇರುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಮಳೆಗಾಲದಲ್ಲಿ ಜೀನ್ಸ್, ಹತ್ತಿಯ ಟೀ ಶರ್ಟ್ ಹಾಕಿಕೊಂಡು ಹತ್ತುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಗಾಳಿ ಬೀಸಿದರೆ ನಡುಕ ಖಂಡಿತ. ಅಲ್ಲಿಗೆ ಮೈಗೆ ತಾಗುವಂತೆ ತೆಳು ಉಣ್ಣೆಯ ಬನಿಯನ್ ಅಥವಾ ಬೇಗ ಒಣಗುವ ಪಾಲಿಯೆಸ್ಟರ್, ಮೇಲೆ ಮಳೆ ಅಂಗಿ ಸರಿ. ನೈಸರ್ಗಿಕ ನೂಲಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಈ ಮಾತು ಹೇಳಲೇಬೇಕು.

ಮಳೆಗೆ ನಮ್ಮವರು ಕಂಡುಕೊಂಡ ಉತ್ತರ ಕಂಬಳಿ ಕೊಪ್ಪೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವಾಗ ತಲೆಯಿಂದ ಬೆನ್ನಿಗೆ ಇಳಿಬಿಡುತ್ತಿದ್ದ ಕರಿಕಂಬಳಿ. ಅದು ಕೆಲಸ ಮಾಡುವ ರೀತಿ ಸೊಗಸಾಗಿದೆ. ಉಣ್ಣೆ ಎಳೆಯ ಹೊರಮೈ ಮೀನಿನ ಮೈಯಂತೆ ಪೊರೆಪೊರೆಯಾಗಿ, ಜಿಡ್ಡಾಗಿ ಇರುತ್ತದೆ, ಮಳೆಹನಿ ಜಾರುತ್ತದೆ. ಎಳೆಯ ಒಳಭಾಗ ಮಾತ್ರ ಆವಿಯನ್ನು ಎಳೆದುಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವ ಒಳಗಿಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸದು. ಹೀಗೆ ತೇವ ಎಳೆದುಕೊಳ್ಳುವಾಗ ಉಣ್ಣೆ ಸ್ವಲ್ಪ ಬಿಸಿಯನ್ನೂ ಹೊರಬಿಡುತ್ತದೆ. ಕುರುಬರು ಗುಂಡಿಮಗ್ಗದಲ್ಲಿ ನೇಯುವ ಕಂಬಳಿಯ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಸರಿ (ಅಂಟು) ಬಳಿಯುತ್ತಾರೆ. ಹೊಸ ಕಂಬಳಿಯ ಬಿಗುವು ಅದರದ್ದೇ. ಚುಚ್ಚುತ್ತದೆ ಎಂಬುದು ನಿಜ, ಒಳಗೊಂದು ಹತ್ತಿ ಹೊದಿಕೆ ಇರಲಿ.

ಒಗೆಯುವಾಗ

ಹತ್ತಿಗೆ ಬಿಸಿನೀರು, ಸೋಪು, ಬಿಸಿಲು ಎಲ್ಲ ನಡೆಯುತ್ತದೆ. ಉಣ್ಣೆಗೆ ಬಿಸಿನೀರು, ಉಜ್ಜುವುದು ಬೇಡವೇ ಬೇಡ. ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಮಗುವಿನ ಅಳತೆಗೆ ಇಳಿಯುತ್ತದೆ, ಮತ್ತೆ ಹಿಗ್ಗದು. ರೇಷ್ಮೆ, ಉಣ್ಣೆ ಎರಡಕ್ಕೂ ತಣ್ಣೀರಲ್ಲಿ ಕಿವುಚಿದ ಅಂಟುವಾಳದ ನೊರೆ ಒಳ್ಳೆಯದು. ಬ್ಲೀಚಿಂಗ್ ಪುಡಿ ಹತ್ತಿರಕ್ಕೂ ತರಬೇಡಿ, ಅದರ ನೀರಿನಲ್ಲಿ ರೇಷ್ಮೆ, ಉಣ್ಣೆ ಕರಗಿಯೇ ಹೋಗುತ್ತವೆ. ಒದ್ದೆ ಉಣ್ಣೆಯನ್ನು ತಂತಿಗೆ ನೇತು ಹಾಕಿದರೆ ತನ್ನ ಭಾರಕ್ಕೇ ಜಗ್ಗುತ್ತದೆ. ನೆರಳಲ್ಲಿ ಹಾಸಿ ಒಣಗಿಸಿ.

ಮಳೆಗೆ ಮೊದಲು ಬೀರು

ಮಲೆನಾಡಿನ ಮನೆಯಲ್ಲಿ ಈ ಕೆಲಸ ರೋಹಿಣಿ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಬಟ್ಟೆಗಳನ್ನೆಲ್ಲ ಹೊರಗೆ ತೆಗೆಯಿರಿ. ಹತ್ತಿಯನ್ನು ಬಿಸಿಲಿಗೆ, ರೇಷ್ಮೆಯನ್ನು ಗಾಳಿಯಾಡುವ ನೆರಳಿಗೆ ಹಾಕಿ. ಬಿಸಿಲು ರೇಷ್ಮೆಯ ಎಳೆಯನ್ನು ಸವೆಸುತ್ತದೆ.

ಮಳೆಗಾಲಕ್ಕೆ ಎತ್ತಿಡುವ ಹತ್ತಿ ಸೀರೆ, ಪಂಚೆಗೆ ಗಂಜಿ ಇರಬಾರದು. ಇದ್ದರೆ ಒಗೆದು ತೆಗೆದುಬಿಡಿ. ಗಂಜಿ ಅಂದರೆ ಪಿಷ್ಟ. ಬೂಷ್ಟಿಗೂ, ಬೆಳ್ಳಿ ಮೀನು ಅಂತ ಕರೆಯುವ ಆ ಹೊಳೆಯುವ ಹುಳಕ್ಕೂ ಅದೇ ಊಟ. ಉಣ್ಣೆಗೆ ಬೀಳುವ ನುಸಿಯೇ ಬೇರೆ. ಪತಂಗದ ಮರಿಹುಳು ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ತೂತು ಮಾಡುತ್ತದೆ, ಅದೂ ಬೆವರು, ಊಟದ ಕಲೆ ಇರುವ ಕಡೆ ಜಾಸ್ತಿ. ಆದ್ದರಿಂದ ಒಮ್ಮೆ ತೊಟ್ಟ ಸ್ವೆಟರನ್ನು ಹಾಗೆಯೇ ಮಡಚಿಡಬೇಡಿ. ಲಕ್ಕಿ ಸೊಪ್ಪು, ಬೇವಿನೆಲೆ ಇಡುವ ರೂಢಿ ಒಳ್ಳೆಯದೇ, ಆದರೆ ಸೊಪ್ಪು ಪೂರ್ತಿ ಒಣಗಿರಬೇಕು. ಹಸಿ ಸೊಪ್ಪು ಇಟ್ಟರೆ ನಾವೇ ತೇವ ತುಂಬಿದ ಹಾಗೆ.

ರೇಷ್ಮೆ ಸೀರೆಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಬಿಡಬೇಡಿ. ರೇಷ್ಮೆ ತನ್ನೊಳಗೆ ಇಟ್ಟುಕೊಂಡ ತೇವ ಹೊರಗೆ ಹೋಗಲು ದಾರಿ ಬೇಕು. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀರೆ ಬಿಡುತ್ತದೆ. ನುಸಿಗುಳಿಗೆ ಜರಿಗೆ ತಾಗದಂತೆ ನೋಡಿಕೊಳ್ಳಿ.

ಗೋಣಿ ಮತ್ತು ತೆಂಗಿನ ನಾರು

ಕಾಫಿ ಕಣದಲ್ಲಿ ಗೋಣಿಚೀಲ ಇಂದಿಗೂ ಉಳಿದಿರುವುದು ಸೆಣಬಿಗೆ ಗಾಳಿಯಾಡುವ ಗುಣ ಇರುವುದರಿಂದ. ಬೀಜದ ತೇವ ಒಳಗೇ ಸಿಕ್ಕಿಕೊಳ್ಳುವುದಿಲ್ಲ. ಆದರೆ ಸೆಣಬು ಒದ್ದೆಯಾದರೆ ಬಲ ಕಳೆದುಕೊಂಡು ಕೊಳೆಯುತ್ತದೆ. ಹಾಗಾಗಿ ಮೂಟೆಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲೆ ಇಡಬೇಕು. ಮಾಮೂಲಿ ಗೋಣಿಯ ನಾರನ್ನು ಮೆದು ಮಾಡಲು ಖನಿಜ ಎಣ್ಣೆ ಬಳಸುತ್ತಾರೆ, ಅದರ ವಾಸನೆ ಕಾಫಿ ಬೀಜಕ್ಕೆ ಹತ್ತುತ್ತದೆ. ಕಾಫಿಗೆ ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಚೀಲವನ್ನೇ ಕೇಳಿ ತನ್ನಿ.

ಬಾಗಿಲ ಬಳಿ ಮಳೆಗಾಲಕ್ಕೆ ಗೋಣಿ ಬದಲು ಅರಸೀಕೆರೆ ಕಡೆಯ ತೆಂಗಿನ ನಾರಿನ ಮ್ಯಾಟ್ ಹಾಕಿ. ತೆಂಗಿನ ನಾರಿನಲ್ಲಿ ಲಿಗ್ನಿನ್ ಬಹಳ ಇದೆ. ಮರಕ್ಕೆ ಗಟ್ಟಿತನ ಕೊಡುವುದೂ ಅದೇ ವಸ್ತು. ಅದಕ್ಕೇ ನೀರಿನಲ್ಲಿ ನೆನೆದರೂ ಬೇಗ ಕೊಳೆಯುವುದಿಲ್ಲ. ವಾರಕ್ಕೊಮ್ಮೆ ಕೊಡವಿ, ಬಿಸಿಲು ಕಂಡ ದಿನ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಸಾಕು.