ಕಾಡುದಾರಿಯಲ್ಲಿ ಎಟಿವಿ ಕೈಕೊಟ್ಟರೆ: ವಾಪಸ್ ಬರುವಷ್ಟು ರಿಪೇರಿ

ಎಟಿವಿ, ಅಂದರೆ ಎಂಥ ನೆಲದಲ್ಲೂ ಓಡುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ, ಕೆಡುವುದು ಹೆಚ್ಚಾಗಿ ಡಾಂಬರು ರಸ್ತೆ ಮುಗಿದು ಎಷ್ಟೋ ದೂರ ಹೋದ ಮೇಲೆ. ಕೆಸರು, ಕಲ್ಲು, ಹಳ್ಳ ದಾಟುವುದೇ ಅದರ ಕೆಲಸ ಅಲ್ವಾ? ಅಂಥ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಎಳೆದೊಯ್ಯುವ ಗಾಡಿಯೂ ಬರುವುದಿಲ್ಲ. ಅಲ್ಲಿ ಬೇಕಾಗುವುದು ಪೂರ್ತಿ ರಿಪೇರಿ ಅಲ್ಲ. ಗಾಡಿ ನಿಧಾನವಾಗಿ ಉರುಳಿಕೊಂಡು ವಾಪಸ್ ಬಂದರೆ ಸಾಕು. ಕೆಳಗಿನ ಉಪಾಯಗಳೆಲ್ಲ ಆ ಲೆಕ್ಕದವೇ. ಸರಿಹೋಯಿತು ಅಂತ ಮತ್ತೆ ಮುಂದಕ್ಕೆ ಹೊರಡಬೇಡಿ, ಬಂದ ದಾರಿಗೇ ತಿರುಗಿಸಿ.

ಮೊದಲು ಎಂಜಿನ್ ಆರಿಸಿ. ಸಮತಟ್ಟಾದ ಜಾಗಕ್ಕೆ ತಳ್ಳಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಿ. ಆಮೇಲೆ ಹತ್ತು ನಿಮಿಷ ಸುಮ್ನೆ ಕೂತು ನೀರು ಕುಡಿಯಿರಿ. ಅಷ್ಟರಲ್ಲಿ ಸೈಲೆನ್ಸರ್ ಬಿಸಿ ಇಳಿಯುತ್ತದೆ, ನಿಮ್ಮ ಗಡಿಬಿಡಿಯೂ ಇಳಿಯುತ್ತದೆ. ಏನನ್ನಾದರೂ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ನೆಲಕ್ಕೆ ಬಟ್ಟೆ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಇಡಿ. ಹುಲ್ಲಿನಲ್ಲಿ ಬಿದ್ದ ನಟ್ ಮತ್ತೆ ಸಿಗುವುದು ಕಷ್ಟ.

ಟೈರು

ದಾರಿಯಲ್ಲಿ ಅತಿ ಜಾಸ್ತಿ ಕೈಕೊಡುವುದು ಟೈರು. ಎಟಿವಿ ಟೈರಿನಲ್ಲಿ ಗಾಳಿ ತುಂಬಾ ಕಡಿಮೆ ಇರುತ್ತದೆ. ಬಹಳಷ್ಟು ಗಾಡಿಗಳಲ್ಲಿ 4ರಿಂದ 7 ಪಿಎಸ್‌ಐ ಅಷ್ಟೇ. ಕಾರಿನಲ್ಲಾದರೆ 30ರ ಆಸುಪಾಸು. ಹಾಗಾಗಿ ಚಿಕ್ಕ ಕೈಪಂಪಿನಲ್ಲೂ ಗಾಳಿ ತುಂಬಿಸಬಹುದು. ಕಾರಿನ ಮಾಪಕ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ, ಅದಕ್ಕೆ ಬೇರೆಯದೇ ಇಟ್ಟುಕೊಳ್ಳಿ.

ಮೊಳೆ ಅಥವಾ ಮುಳ್ಳು ಚುಚ್ಚಿದ್ದರೆ ಅದು ಯಾವ ಓರೆಯಲ್ಲಿ ಹೋಗಿದೆ ನೋಡಿಕೊಂಡು ಇಕ್ಕಳದಿಂದ ಎಳೆಯಿರಿ. ಅದೇ ಓರೆಯಲ್ಲಿ ಪಂಕ್ಚರ್ ಕಿಟ್ಟಿನ ಅರವನ್ನು ನಾಲ್ಕೈದು ಸಲ ತಿರುವಿ ತೂತನ್ನು ಒರಟು ಮಾಡಿ. ರಬ್ಬರ್ ಪಟ್ಟಿಗೆ ಸೊಲ್ಯೂಷನ್ ಸವರಿ, ಸೂಜಿಗೆ ಪೋಣಿಸಿ, ತುದಿಗಳು ಚೂರು ಹೊರಗೆ ಉಳಿಯುವಷ್ಟು ಒಳಗೆ ತಳ್ಳಿ. ಸೂಜಿಯನ್ನು ಒಂದೇ ಏಟಿಗೆ ಹೊರಗೆಳೆಯಿರಿ. ಗಾಳಿ ತುಂಬಿ, ಸೋಪು ನೀರು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ. ಒಂದು ಪಟ್ಟಿ ಸಾಲದಿದ್ದರೆ ಎರಡು, ಮೂರು ತುರುಕಬಹುದು.

ಟೈರಿನ ಪಕ್ಕದ ಗೋಡೆ ಸೀಳಿದ್ದರೆ ಕೆಲಸ ಜಾಸ್ತಿ, ಆದರೆ ಕೈಚೆಲ್ಲಬೇಕಿಲ್ಲ. ಸೀಳಿನ ಎರಡೂ ಬದಿಗೆ ಸಣ್ಣ ತೂತು ಕೊರೆದು, ತೆಳು ತಂತಿ ಅಥವಾ ಗಟ್ಟಿ ಜಿಪ್ ಟೈ ಹಾಕಿ ಹೊಲಿದಂತೆ ಬಿಗಿಯಿರಿ. ಉಳಿದ ಸಂದಿಗೂ ಹೊಲಿಗೆಯ ತೂತುಗಳಿಗೂ ಪಟ್ಟಿ ತುರುಕಿ. ಗಾಳಿ ನಿಧಾನವಾಗಿ ಸೋರುತ್ತಲೇ ಇರುತ್ತದೆ. ನಡುನಡುವೆ ನಿಂತು ತುಂಬಿಕೊಳ್ಳಿ.

ಇನ್ನೊಂದು ಪೇಚು, ಬೀಡ್ ಎಂದು ಕರೆಯುವ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುವುದು. ಎಷ್ಟು ಪಂಪ್ ಹೊಡೆದರೂ ಗಾಳಿ ಪಕ್ಕದಿಂದ ಹೋಗುತ್ತಿರುತ್ತದೆ. ಇದಕ್ಕೆ ಸಾಮಾನು ಕಟ್ಟುವ ರ‍್ಯಾಚೆಟ್ ಪಟ್ಟಿಯೇ ಮದ್ದು. ಅಂಚಿನ ಕೆಸರು ಒರೆಸಿ, ಸೋಪು ನೀರು ಸವರಿ. ಪಟ್ಟಿಯನ್ನು ಟೈರಿನ ಹೊರಸುತ್ತಿಗೆ, ನಡುಮಧ್ಯಕ್ಕೆ ಸುತ್ತಿ ಬಿಗಿಯುತ್ತ ಹೋಗಿ. ನಡು ಒತ್ತಿದಂತೆ ಎರಡೂ ಅಂಚು ಹೊರಕ್ಕೆ ಸರಿದು ರಿಮ್ಮಿಗೆ ತಾಗುತ್ತವೆ. ಈಗ ಗಾಳಿ ತುಂಬಿ. ಚಿಕ್ಕ ಇಂಗಾಲದ ಡೈಆಕ್ಸೈಡ್ ಸಿಲಿಂಡರುಗಳಿದ್ದರೆ ಇಲ್ಲಿ ಬಹಳ ಉಪಯೋಗ. ಅವು ಖಾಲಿಯಾಗುವಾಗ ಮಂಜುಗಡ್ಡೆಯಷ್ಟು ತಣ್ಣಗಾಗುತ್ತವೆ, ಕೈಗವಸು ಹಾಕಿಕೊಳ್ಳಿ. ಅಂಚು ಗಾಳಿ ಹಿಡಿಯಲು ಶುರುವಾದ ತಕ್ಷಣ ಪಟ್ಟಿ ಸಡಿಲಿಸಿ. ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ ಟೈರು ಕೂರಿಸುವ ವಿದ್ಯೆಯನ್ನು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಕೈ, ಮುಖ ಸುಟ್ಟುಕೊಂಡರೆ ಅಲ್ಲಿ ಆಸ್ಪತ್ರೆ ಇರುವುದಿಲ್ಲ.

ಏನು ಮಾಡಿದರೂ ಗಾಳಿ ನಿಲ್ಲದಿದ್ದರೆ ಟೈರಿನೊಳಗೆ ಹುಲ್ಲು, ಸೊಪ್ಪು ಒತ್ತೊತ್ತಿ ತುಂಬಿ. ನಡೆಯುವ ವೇಗದಲ್ಲಿ ರಿಮ್ ಉಳಿಯುತ್ತದೆ. ಚಕ್ರದ ನಟ್‌ಗಳು ಕಳೆದಿದ್ದರೆ ಉಳಿದ ಚಕ್ರಗಳಿಂದ ಒಂದೊಂದು ಸಾಲ ತನ್ನಿ.

ನೀರಿನಲ್ಲಿ ನಿಂತರೆ

ಇದನ್ನು ಮಾತ್ರ ನಿಧಾನವಾಗಿ ಓದಿ. ಹಳ್ಳ ದಾಟುವಾಗ ಎಂಜಿನ್ ನಿಂತರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಲಾರದು. ಬಗ್ಗುವುದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್. ಒಂದು ಸಲ ಸೆಲ್ಫ್ ಒತ್ತಿದ ತಪ್ಪಿಗೆ ಪೂರ್ತಿ ಎಂಜಿನ್ ಬಿಚ್ಚಬೇಕಾಗಿ ಬರಬಹುದು.

1. ಗಾಡಿಯನ್ನು ತಳ್ಳಿ ದಡಕ್ಕೆ ತನ್ನಿ. ಏರ್ ಫಿಲ್ಟರ್ ಡಬ್ಬಿ ತೆರೆದು ನೀರು ಚೆಲ್ಲಿ. ಸ್ಪಂಜಿನ ಫಿಲ್ಟರ್ ಆದರೆ ಒತ್ತಿ ನೀರು ತೆಗೆಯಿರಿ, ತಿರುಚಿ ಹಿಂಡಿದರೆ ಫಿಲ್ಟರ್ ಕಿತ್ತುಹೋಗುತ್ತದೆ.

2. ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ. ಹೊಸ ಆಯಿಲ್ ಇಲ್ಲದಿದ್ದರೆ ಎಂಜಿನ್ ಓಡಿಸಬೇಡಿ, ಎಳೆದುಕೊಂಡು ಹೋಗಿ.

3. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ವೈರನ್ನು ತೂತಿನಿಂದ ದೂರ ಸರಿಸಿ. ಹೊರಗೆ ಚಿಮ್ಮುವ ಪೆಟ್ರೋಲಿಗೆ ಕಿಡಿ ತಾಗಬಾರದು. ಮುಖ ಪಕ್ಕಕ್ಕಿಟ್ಟು ಈಗ ಸೆಲ್ಫ್ ಒತ್ತಿ. ನೀರು ಪಿಚಕಾರಿಯಂತೆ ಹೊರಗೆ ಬರುತ್ತದೆ. ಪೂರ್ತಿ ನಿಲ್ಲುವವರೆಗೆ ಬಿಟ್ಟು ಬಿಟ್ಟು ಒತ್ತಿ.

4. ಪ್ಲಗ್ ಒರೆಸಿ ಹಾಕಿ, ಸ್ಟಾರ್ಟ್ ಮಾಡಿ. ಬೆಲ್ಟ್ ಗಾಡಿಯಾದರೆ (ಎಂಜಿನ್ನಿನ ಬಲವನ್ನು ರಬ್ಬರ್ ಬೆಲ್ಟ್ ಚಕ್ರಗಳ ಕಡೆ ಸಾಗಿಸುವಂಥದ್ದು) ಬೆಲ್ಟ್ ಡಬ್ಬಿಯ ಕೆಳಗಿನ ಡ್ರೈನ್ ಪ್ಲಗ್ ತೆಗೆದು ನೀರು ಬಿಡಿ. ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ರೇಸ್ ಮಾಡಿದರೆ ಉಳಿದದ್ದೂ ಆರುತ್ತದೆ.

ಗಾಡಿ ಪಲ್ಟಿಯಾಗಿದ್ದರೂ ಇದೇ ಕ್ರಮ. ತಲೆಕೆಳಗಾದಾಗ ಸಿಲಿಂಡರಿಗೆ ಆಯಿಲ್ ಇಳಿದಿರಬಹುದು.

ಬೆಲ್ಟ್ ಮತ್ತು ಬಿಸಿ

ಸುಟ್ಟ ರಬ್ಬರಿನ ವಾಸನೆ ಬಂದು, ಎಂಜಿನ್ ಓಡಿದರೂ ಗಾಡಿ ಚಲಿಸದಿದ್ದರೆ ಬೆಲ್ಟ್ ಹೋಗಿದೆ. ಇದಕ್ಕೆ ಹಗ್ಗ, ಬಟ್ಟೆ ಯಾವುದೂ ಬದಲಿ ಅಲ್ಲ. ಒಂದು ಬೆಲ್ಟ್ ಜೊತೆಗಿರಲೇಬೇಕು, ನನ್ನ ಮಟ್ಟಿಗೆ ಇದು ಇಕ್ಕಳಕ್ಕಿಂತ ಮುಖ್ಯ. ಹಳೆಯ ಬೆಲ್ಟಿನ ಎಳೆಗಳನ್ನು ಪುಲ್ಲಿಗಳಿಂದ ಪೂರ್ತಿ ಕಿತ್ತು, ಬಾಣದ ಗುರುತು ನೋಡಿ ಹೊಸದನ್ನು ಹಾಕಿ. ಏರು, ಕೆಸರಿನಲ್ಲಿ ಲೋ ಗೇರಿನಲ್ಲೇ ಹೋಗುತ್ತಿದ್ದರೆ ಬೆಲ್ಟ್ ಬೇಗ ಸುಡುವುದಿಲ್ಲ.

ಎಂಜಿನ್ ಕಾಯುತ್ತಿದ್ದರೆ ಮೊದಲು ರೇಡಿಯೇಟರಿಗೆ ಮೆತ್ತಿದ ಕೆಸರು ನೋಡಿ. ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಿರಿ. ಬಿಸಿಯಿದ್ದಾಗ ಮುಚ್ಚಳ ತೆಗೆಯಬೇಡಿ. ರೇಡಿಯೇಟರಿನೊಳಗಿನ ಸಣ್ಣ ಲೋಹದ ಕೊಳವೆ ಒಂದು ಕಡೆ ತೂತಾಗಿದ್ದರೆ ಆ ಕೊಳವೆಯನ್ನಷ್ಟೇ ಕತ್ತರಿಸಿ, ಎರಡೂ ತುದಿ ಇಕ್ಕಳದಿಂದ ಮಡಚಿ ಒತ್ತಿ, ಮೇಲೆ ಎಪಾಕ್ಸಿ ಪುಟ್ಟಿ ಮೆತ್ತಿ. ರಬ್ಬರ್ ಹೋಸ್ ಸೀಳಿದ್ದರೆ ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪನ್ನು ಎಳೆದೆಳೆದು ಸುತ್ತಿ.

ಫ್ಯಾನ್ ತಿರುಗದಿದ್ದರೆ ಫ್ಯೂಸ್ ನೋಡಿ. ಹೋಗಿದ್ದರೆ ಅಷ್ಟೇ ಆಂಪಿಯರಿನದ್ದನ್ನು ಅಷ್ಟು ಬೇಕಿಲ್ಲದ ಕಡೆಯಿಂದ ತೆಗೆದು ಹಾಕಿ. ಹೋದ ಫ್ಯೂಸಿಗೇ ಬೆಳ್ಳಿ ಕಾಗದ ಸುತ್ತಿದರೆ ವೈರಿಂಗೇ ಹೊತ್ತಿಕೊಳ್ಳಬಹುದು.

ಸ್ಟೀರಿಂಗ್

ಕಲ್ಲಿಗೆ ಗುದ್ದಿ ಟೈ ರಾಡ್ (ಹ್ಯಾಂಡಲ್ ತಿರುವಿದಂತೆ ಮುಂದಿನ ಚಕ್ರ ತಿರುಗಿಸುವ ಸರಳು) ಬಗ್ಗಿದ್ದರೆ ಮರದ ಕವಲಿಗೆ ಕೊಟ್ಟು ನೇರ ಮಾಡಿ. ಬಗ್ಗಿ ನೇರವಾದ ಕಡೆ ಅದು ದುರ್ಬಲ. ಆ ಜಾಗಕ್ಕೆ ಉದ್ದದ ಸ್ಪ್ಯಾನರ್ ಇಟ್ಟು, ಮೂಳೆ ಮುರಿದಾಗ ದಬ್ಬೆ ಕಟ್ಟುವಂತೆ ನಾಲ್ಕು ಹೋಸ್ ಕ್ಲಿಪ್ ಬಿಗಿಯಿರಿ. ನಡೆಯುವ ವೇಗ ದಾಟಬೇಡಿ. ಮುಂದಿನ ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಕಳಚಿದ್ದರೆ ಅಥವಾ ಬ್ರೇಕ್ ಪೂರ್ತಿ ಹೋಗಿದ್ದರೆ ಇಳಿಜಾರಿನಲ್ಲಿ ಗಾಡಿ ಹತ್ತಲೇಬೇಡಿ. ಗಾಡಿಯನ್ನು ಅಲ್ಲೇ ಬಿಟ್ಟು ನಡೆದು ಬನ್ನಿ, ನಾಳೆ ತರಬಹುದು.

ಉಳಿದವು ಚಿಕ್ಕವು. ಸೆಲ್ಫ್ ಹಿಡಿಯದಿದ್ದರೆ ಎಂಜಿನ್ ಆರಿಸುವ ಕಿಲ್ ಸ್ವಿಚ್, ನ್ಯೂಟ್ರಲ್, ಬ್ಯಾಟರಿ ಟರ್ಮಿನಲ್ ನೋಡಿ. ಬಹಳ ಸಲ ತೊಂದರೆ ಅಲ್ಲೇ ಇರುತ್ತದೆ. ಬೆಲ್ಟ್ ಗಾಡಿಗಳು ಸಾಮಾನ್ಯವಾಗಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ, ಸುಮ್ನೆ ಬೆವರು ಸುರಿಸಬೇಡಿ. ಓಡುತ್ತ ಓಡುತ್ತ ಎಂಜಿನ್ ಸೊರಗಿದರೆ ಪೆಟ್ರೋಲ್ ಮುಚ್ಚಳ ಒಮ್ಮೆ ಸಡಿಲಿಸಿ. ಸರಿಹೋದರೆ ಟ್ಯಾಂಕಿನ ಗಾಳಿ ಕೊಳವೆ ಕಟ್ಟಿದೆ ಎಂದರ್ಥ. ಟ್ಯಾಂಕು ಸಣ್ಣಗೆ ಜಿನುಗುತ್ತಿದ್ದರೆ ಒಣ ಸ್ನಾನದ ಸೋಪು ಗಟ್ಟಿಯಾಗಿ ಉಜ್ಜಿ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಕಾರ್ಬ್ಯುರೇಟರ್ ಗಾಡಿಯಲ್ಲಿ ಆಕ್ಸಲರೇಟರ್ ಕೇಬಲ್ ತುಂಡಾದರೆ ಐಡಲ್ ಸ್ಕ್ರೂ ಏರಿಸಿ, ಲೋ ಗೇರಿನಲ್ಲಿ ತೆವಳಿಸಿ. ಕೆಟ್ಟ ಗಾಡಿ ಎಳೆಯುವಾಗ ಗೇರು ನ್ಯೂಟ್ರಲ್‌ನಲ್ಲಿರಲಿ. ಹಗ್ಗವನ್ನು ಚಾಸಿಗೆ ಕಟ್ಟಿ, ಹ್ಯಾಂಡಲ್ಲಿಗೆ ಅಲ್ಲ.

ವಾಪಸ್ ಬಂದ ದಿನವೇ ದಾರಿಯಲ್ಲಿ ಮಾಡಿದ ಒಂದೊಂದು ಕೆಲಸವನ್ನೂ ಬರೆದು ಮೆಕ್ಯಾನಿಕ್ ಕೈಗೆ ಕೊಡಿ. ಹೊಲಿದ ಟೈರು, ಕ್ಲಿಪ್ ಕಟ್ಟಿದ ರಾಡ್ ಬದಲಾಗಲೇಬೇಕು. ನೀರಿಗಿಳಿದಿದ್ದರೆ ಎಂಜಿನ್ ಆಯಿಲ್ ಜೊತೆಗೆ ಗೇರ್ ಆಯಿಲ್, ಡಿಫರೆನ್ಶಿಯಲ್ ಆಯಿಲ್ ಕೂಡ ತೆರೆದು ನೋಡಲು ಹೇಳಿ.