ಹಿತ್ತಲಲ್ಲಿ ನೀರು ನಿಲ್ಲುತ್ತಾ? ಮೊದಲು ವಾಟ (ಇಳಿಜಾರು) ಸರಿ ಮಾಡಿ

ಕೋಲಾರದ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಿತ್ತಲಲ್ಲಿ ನೀರು ನಿಂತ ತಕ್ಷಣ ಜನ ಒಂದು ಲೋಡ್ ಮಣ್ಣು ಸುರಿಸುತ್ತಾರೆ, ಇಲ್ಲವೇ ಪೂರ್ತಿ ಸಿಮೆಂಟ್ ಹಾಕಿಸುತ್ತಾರೆ. ಎರಡೂ ಬೇಡ. ನಮ್ಮ ಬೀದಿಯಲ್ಲಿ ಒಬ್ಬರು ಮಣ್ಣು ಸುರಿಸಿದರು, ನೀರು ಗೋಡೆ ಕಡೆ ತಿರುಗಿತು. ಅಡುಗೆಮನೆ ಗೋಡೆಯ ಬಣ್ಣ ಮೊಣಕಾಲೆತ್ತರಕ್ಕೆ ಉದುರಿತು.

ಮೊದಲು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿ. ಎಷ್ಟೋ ಮನೆಗಳಲ್ಲಿ ನೀರು ಬರುವುದು ತಾರಸಿ ಪೈಪಿನಿಂದ. 1,000 ಚದರ ಅಡಿ ತಾರಸಿಗೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು! ಅದನ್ನು ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ತಿರುಗಿಸಿ. ನೀರಿಗಾಗಿ ಇಷ್ಟು ಪರದಾಡುವ ಊರಲ್ಲಿ ಅದನ್ನು ಬೀದಿಗೆ ಬಿಡುವುದು ತಪ್ಪು ಅಲ್ವಾ?

ಆಮೇಲೆ ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಇಂಚು ಇಳಿಯುವಂತೆ ಮಣ್ಣು ಎಳೆದು ದಮ್ಮಸು ಮಾಡಿ.

ಅಷ್ಟಕ್ಕೂ ನೀರು ನಿಂತರೆ ಜಲ್ಲಿ ಕಾಲುವೆ ಬೇಕು, ಅಂದರೆ ಒಳಗೆ ತೂತಿನ ಪೈಪಿಟ್ಟು ಜಲ್ಲಿ ತುಂಬಿದ ಕಾಲುವೆ. ಎಲ್ಲರೂ ಎಡವುವುದು ಇಲ್ಲೇ. ಇಳಿಜಾರನ್ನು, ಮೇಸ್ತ್ರಿಗಳು ವಾಟ ಅನ್ನುವುದನ್ನು, ಕಣ್ಣಳತೆಯಲ್ಲಿ ಬಿಡುತ್ತಾರೆ. ಕಣ್ಣನ್ನು ನಂಬಲೇಬೇಡಿ. ಲೆವೆಲ್ ಟ್ಯೂಬ್ ತನ್ನಿ, ಅಂದರೆ ಮಟ್ಟ ನೋಡುವ ಪಾರದರ್ಶಕ ಕೊಳವೆ. ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ. ಕಾಲುವೆಯ ಎರಡು ತುದಿಯಲ್ಲೂ ಗೂಟ ನೆಟ್ಟು, ಟ್ಯೂಬಿನ ನೀರು ನಿಂತ ಮಟ್ಟಕ್ಕೆ ಗುರುತು ಹಾಕಿ. ಗುರುತಿನಿಂದ ಕಾಲುವೆ ತಳಕ್ಕೆ ಶುರುವಿನಲ್ಲಿ 24 ಇಂಚು ಇದ್ದರೆ, 30 ಅಡಿ ಆಚೆಯ ಕೊನೆಯಲ್ಲಿ 28 ಇಂಚು ಇರಬೇಕು. ನಡುವೆ ಎಲ್ಲೂ ತಗ್ಗು ಬೀಳಬಾರದು, ಬಿದ್ದರೆ ಅಲ್ಲೇ ಕೆಸರು ಕೂರುತ್ತದೆ. ಜಲ್ಲಿ ಹಾಕುವ ಮುಂಚೆ ಎರಡು ಕೊಡ ನೀರು ಹುಯ್ದು ನೋಡಿ.

ತಳ ಸರಿಯಾದ ಮೇಲೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಹಳೇ ಸೀರೆ ಹಾಸುವವರಿದ್ದಾರೆ, ಸಣ್ಣ ಮಣ್ಣು ಕಟ್ಟಿಕೊಂಡು ಅದು ಕೆಲಸಕ್ಕೆ ಬರುವುದಿಲ್ಲ. ಎರಡು ಇಂಚು ದಪ್ಪಕ್ಕೆ ಜಲ್ಲಿ, ಅದರ ಮೇಲೆ ತೂತಿರುವ 4 ಇಂಚಿನ ಪಿವಿಸಿ ಪೈಪು. ತೂತು ಕೆಳಮುಖವಾಗಿರಲಿ. ಮೇಲಿದ್ದರೆ ಮಣ್ಣು ಒಳಗಿಳಿಯುತ್ತದೆ. ಅಗ್ಗಕ್ಕೆ ಸಿಗುವ ತೆಳು ಸುಕ್ಕು ಪೈಪು ಮಣ್ಣಿನ ಭಾರಕ್ಕೆ ಚಪ್ಪಟೆಯಾಗುತ್ತದೆ, ತರಬೇಡಿ. ಮೇಲೆ ಜಲ್ಲಿ ತುಂಬಿ ಬಟ್ಟೆ ಮಡಚಿ. ಎಂ-ಸ್ಯಾಂಡ್ ಬೇಡ, ಅದರ ಪುಡಿ ಸಂದುಗಳನ್ನು ಮುಚ್ಚಿಬಿಡುತ್ತದೆ.

ಕಾಲುವೆಯ ಕೊನೆ ಇಂಗುಗುಂಡಿಗೆ. ಮನೆ ಗೋಡೆಯಿಂದ 10 ಅಡಿಯಾದರೂ ದೂರ ಇರಲಿ, ಶೌಚದ ಗುಂಡಿಯ ಹತ್ತಿರ ಬೇಡವೇ ಬೇಡ. ಮುಂಚೆಯೇ ಅಲ್ಲಿ ಒಂದಡಿ ಗುಂಡಿ ತೋಡಿ ನೀರು ತುಂಬಿ ನೋಡಿ. ಮರುದಿನವೂ ನೀರು ಹಾಗೇ ಇದ್ದರೆ ಜಾಗ ಬದಲಿಸಿ. ಸುಮ್ನೆ ಒಳಚರಂಡಿ ಚೇಂಬರಿಗೆ ಮಾತ್ರ ಸೇರಿಸಬೇಡಿ. ಜೋರು ಮಳೆಗೆ ಚೇಂಬರ್ ತುಂಬಿದರೆ ಗಲೀಜು ಶೌಚಾಲಯದಿಂದಲೇ ಉಕ್ಕುತ್ತದೆ.

ತಗ್ಗಿನ ಜಾಗಕ್ಕೆ ಕೆಸು, ಕಾಬಾಳೆ ಚೆನ್ನಾಗಿ ಬರುತ್ತವೆ. ಪಪ್ಪಾಯಿಯನ್ನು ಎತ್ತರದಲ್ಲೇ ನೆಡಿ. ಎರಡು ದಿನ ಬುಡದಲ್ಲಿ ನೀರು ನಿಂತರೂ ಕೊಳೆಯುತ್ತದೆ.