ಶಾಲಾ ವೇಳಾಪಟ್ಟಿಯಲ್ಲಿ ಓದಿನ ಅವಧಿಯನ್ನು ಕೂಡಿಸುವುದು ಹೇಗೆ?

ಜೂನ್ ಮೊದಲ ವಾರದಲ್ಲಿ ಕೊಪ್ಪಳ, ರಾಯಚೂರು ಕಡೆಯ ಯಾವ ಪ್ರೌಢಶಾಲೆಗೆ ಹೋದರೂ ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಗೆರೆ ಎಳೆದ ಡ್ರಾಯಿಂಗ್ ಹಾಳೆಯೊಂದು ಹರಡಿರುತ್ತದೆ. ಗಣಿತ, ವಿಜ್ಞಾನ, ಭಾಷೆಗಳು ಒಂದೊಂದಾಗಿ ಖಾನೆ ಹಿಡಿಯುತ್ತವೆ. ಕೊನೆಗೆ ಯಾರಿಗೂ ಬೇಡವಾದ ಮೂರು ಖಾನೆಗಳು ಉಳಿದಾಗ ಅವುಗಳಲ್ಲಿ ‘ಓದು’ ಎಂದು ಬರೆದು, ಅವಧಿ ಕಡಿಮೆಯಿರುವ ದೈಹಿಕ ಶಿಕ್ಷಕರ ಹೆಸರನ್ನು ಪಕ್ಕದಲ್ಲಿ ಸೇರಿಸಿ, ಹಾಳೆಯನ್ನು ಮುಖ್ಯೋಪಾಧ್ಯಾಯರ ಸಹಿಗೆ ಕಳಿಸಲಾಗುತ್ತದೆ. ಆಗಸ್ಟ್ ಬರುವ ಹೊತ್ತಿಗೆ ಆ ಅವಧಿಯಲ್ಲಿ ಅರ್ಧ ತರಗತಿ ಕಿಟಕಿಗೆ ಅಂಟಿಕೊಂಡಿರುತ್ತದೆ, ಉಳಿದರ್ಧ ಮೈದಾನದಲ್ಲಿರುತ್ತದೆ. ಗಣಿತ ಶಿಕ್ಷಕನಾಗಿ, ಆಮೇಲೆ ಮುಖ್ಯೋಪಾಧ್ಯಾಯನಾಗಿ, ಯಲಬುರ್ಗಾದ ಎರೆ ಸೀಮೆಯಲ್ಲೂ ಗಂಗಾವತಿಯ ಕಾಲುವೆ ಸೀಮೆಯಲ್ಲೂ ಈ ಹಾಳೆಯನ್ನು ಹಲವು ವರ್ಷ ಬರೆದಿದ್ದೇನೆ. ಮೊದಲ ಕೆಲವು ವರ್ಷ ನಾನೂ ಹೀಗೆಯೇ ಬರೆದು, ಹೀಗೆಯೇ ಕೆಡಿಸಿದ್ದೇನೆ.

ಮೇಲುಸ್ತುವಾರಿಯ ಓದಿನ ಅವಧಿಯಲ್ಲಿ ಶಿಕ್ಷಕರು ಹೊಸ ಪಾಠ ಮಾಡುವುದಿಲ್ಲ. ಆಗಲೇ ಕಲಿತದ್ದನ್ನು ಮಕ್ಕಳು ತಾವೇ ನೆನೆದು ಬರೆಯುತ್ತಾರೆ, ಲೆಕ್ಕ ಬಿಡಿಸುತ್ತಾರೆ. ಶಿಕ್ಷಕರು ಬೆಂಚುಗಳ ಸಾಲಿನ ನಡುವೆ ನಡೆಯುತ್ತ, ಸಿಕ್ಕಿಕೊಂಡವರ ಬಳಿ ನಿಂತು ಒಂದು ಎಳೆ ಬಿಡಿಸಿ ಕೊಟ್ಟು ಮುಂದೆ ಹೋಗುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಊರಿನ ಶಾಲೆಗಳಲ್ಲಿ, ತರಗತಿಗಳು ಕಿಕ್ಕಿರಿದಾಗ, ಇದೇ ಕೆಲಸಕ್ಕೆಂದು ಎರಡನೆಯ ಶಿಕ್ಷಕರನ್ನೇ ನೇಮಿಸಿದ್ದರು. ನಮಗೆ ಇರುವ ಒಬ್ಬರೇ ಸಾಕೆನ್ನಬೇಕಾಗಿದೆ. ತಂದೆತಾಯಿ ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗಿ ಅಜ್ಜಿಯೊಂದಿಗೆ ಉಳಿದ ಹುಡುಗಿಗೆ ಸಂಜೆ ಮನೆಯಲ್ಲಿ ಅಡುಗೆಯಿರುತ್ತದೆ, ನೀರು ತರುವುದಿರುತ್ತದೆ, ತಮ್ಮನನ್ನು ನೋಡಿಕೊಳ್ಳುವುದಿರುತ್ತದೆ. ಶಾಲೆಯಲ್ಲಿ ಸಿಗುವ ಆ ನಲವತ್ತು ನಿಮಿಷವೇ ಅವಳ ಇಡೀ ದಿನದ ಓದು.

ಮೊದಲ ಹಂತ ಎಣಿಕೆ. ಎಂಟು, ಒಂಬತ್ತು, ಹತ್ತು ‘ಎ’, ಹತ್ತು ‘ಬಿ’ ಎಂದು ನಾಲ್ಕು ವಿಭಾಗಗಳೂ ಏಳು ಶಿಕ್ಷಕರೂ ಇರುವ ಹಳ್ಳಿಯ ಪ್ರೌಢಶಾಲೆಯೊಂದನ್ನು ತೆಗೆದುಕೊಳ್ಳೋಣ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 40 ನಿಮಿಷದ 8 ಅವಧಿಗಳು, ಶನಿವಾರದ ಬೆಳಗಿನ ಶಾಲೆಯಲ್ಲಿ 5, ಒಟ್ಟು ವಾರಕ್ಕೆ 45. ಪ್ರತಿ ವಿಭಾಗಕ್ಕೆ ಕನ್ನಡ, ಗಣಿತ, ವಿಜ್ಞಾನಗಳಿಗೆ ತಲಾ 7, ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನಕ್ಕೆ ತಲಾ 6, ಹಿಂದಿಗೆ 5, ದೈಹಿಕ ಶಿಕ್ಷಣಕ್ಕೆ 3, ಚಿತ್ರಕಲೆಗೆ 1 ಎಂದು ಹಂಚಿದರೆ 42 ಆಗುತ್ತದೆ. ಉಳಿದ ಮೂರು ಓದಿಗೆ. ನಾಲ್ಕು ವಿಭಾಗದ ಹನ್ನೆರಡು ಓದಿನ ಅವಧಿಗಳನ್ನು ದೈಹಿಕ ಶಿಕ್ಷಕರಿಗೆ ಕೊಟ್ಟರೆ ಅವರ 12 ಅವಧಿ 24 ಆಗುತ್ತದೆ, ಕಾಗದದ ಮೇಲೆ ಲೆಕ್ಕ ಚೊಕ್ಕವಾಗುತ್ತದೆ. ಆದರೆ ವರ್ಗಸಮೀಕರಣದಲ್ಲಿ ಸಿಕ್ಕಿಕೊಂಡ ಮಗುವಿಗೆ ಅವರು ಹೇಳಬಹುದಾದದ್ದು ‘ಗದ್ದಲ ಮಾಡಬ್ಯಾಡ್ರಿ’ ಎಂಬುದಷ್ಟೇ; ಅದು ಅವರ ತಪ್ಪಲ್ಲ.

ನಾನು ಮಾಡುವುದು ಹೀಗೆ. ಗಣಿತದಿಂದ ಒಂದು, ವಿಜ್ಞಾನದಿಂದ ಒಂದು ಬೋಧನಾ ಅವಧಿಯನ್ನು ಕಿತ್ತು ಓದಿಗೆ ಸೇರಿಸಿದರೆ ಪ್ರತಿ ವಿಭಾಗಕ್ಕೂ ಐದು ಓದಿನ ಅವಧಿಗಳಾಗುತ್ತವೆ: ಗಣಿತ, ವಿಜ್ಞಾನ, ಇಂಗ್ಲಿಷ್, ಸಮಾಜ ವಿಜ್ಞಾನ, ಹಿಂದಿಗೆ ಒಂದೊಂದು, ಅದೂ ಆಯಾ ವಿಷಯದ ಶಿಕ್ಷಕರ ಹೆಸರಿನಲ್ಲಿಯೇ. ಈಗ ಭಾರವನ್ನು ಎಣಿಸಿ ನೋಡಿ. ಗಣಿತ ಕಲಿಸುವ ಪಿಸಿಎಂ (ಭೌತ, ರಸಾಯನ, ಗಣಿತ) ಮತ್ತು ವಿಜ್ಞಾನ ಕಲಿಸುವ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರಿಗೆ ಮೊದಲಿನಂತೆಯೇ 28. ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನದವರಿಗೆ 24ಕ್ಕೆ 4 ಕೂಡಿ 28. ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿಯಿರುವುದರಿಂದ ಆ ನಾಲ್ಕನ್ನೂ ಹೊತ್ತ ಹಿಂದಿಯವರಿಗೂ 28. ಕನ್ನಡದವರಿಗೆ ಇದ್ದ 28 ಹಾಗೆಯೇ ಇದೆ. ದೈಹಿಕ ಶಿಕ್ಷಕರ 12 ಬಿಟ್ಟರೆ ಎಲ್ಲರದೂ ಒಂದೇ ಸಂಖ್ಯೆಯಾದ ಮೇಲೆ ಸಿಬ್ಬಂದಿ ಸಭೆಯಲ್ಲಿ ಜಗಳಕ್ಕೆ ಹೆಚ್ಚು ವಿಷಯ ಉಳಿಯುವುದಿಲ್ಲ. ಕನ್ನಡಕ್ಕೇಕೆ ಓದಿನ ಅವಧಿ ಇಲ್ಲವೆಂದು ಕೇಳುವವರಿರುತ್ತಾರೆ. ಏಳು ಅವಧಿಯಿರುವ ಮಾತೃಭಾಷೆಗೆ ಬೇರೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಬೋಧನಾ ಅವಧಿ ಹೋದರೆ ಪಠ್ಯಭಾಗ ಮುಗಿಯುವುದಿಲ್ಲ ಎಂಬ ಆತಂಕ ಗಣಿತದವರಿಂದಲೇ ಮೊದಲು ಬರುತ್ತದೆ. ನನ್ನ ಅನುಭವದಲ್ಲಿ ಪಾಠ ಮುಗಿಯದಿರಲು ಕಾರಣ ಅವಧಿಯ ಕೊರತೆಗಿಂತ ಹೆಚ್ಚಾಗಿ, ನಿನ್ನೆಯದು ಮರೆತುಹೋಗಿ ಇವತ್ತು ಮತ್ತೆ ಹೇಳಬೇಕಾಗುವುದು. ವಾರಕ್ಕೆ ಐದು ಓದಿನ ಅವಧಿಯೆಂದರೆ 3 ಗಂಟೆ 20 ನಿಮಿಷ. 36 ವಾರಕ್ಕೆ 120 ಗಂಟೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿ ಆರರಿಂದ ಎಂಟನೆಯ ತರಗತಿಗೆ ಇಡೀ ವರ್ಷಕ್ಕೆ ನಿಗದಿ ಮಾಡಿರುವ ಕನಿಷ್ಠ ಬೋಧನಾ ಅವಧಿ 1000 ಗಂಟೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ 120ರ ತೂಕ ಗೊತ್ತಾಗುತ್ತದೆ.

ಎರಡನೆಯ ಹಂತದಲ್ಲಿ ಓದಿಗೆ ಸಲ್ಲದ ಖಾನೆಗಳಿಗೆ ಕಾಟು ಹಾಕಬೇಕು. ಮೊದಲ ಅವಧಿ ಬೇಡ, ಏಕೆಂದರೆ ಪ್ರಾರ್ಥನೆ, ಹಾಲು ವಿತರಣೆ, ಹಾಜರಾತಿ, ತಡವಾದ ಬಸ್ಸು ಎಲ್ಲವೂ ಸೇರಿ ಅದರಲ್ಲಿ ಕಾಲು ಭಾಗವನ್ನು ತಿನ್ನುತ್ತವೆ. ಕೊನೆಯ, ಅಂದರೆ ಎಂಟನೆಯ ಅವಧಿ ಬೇಡವೇ ಬೇಡ: ಕಲ್ಯಾಣ ಕರ್ನಾಟಕ ಸಾರಿಗೆಯ ಸಂಜೆ ಬಸ್ಸು ತಪ್ಪಿದರೆ ದೂರದ ಹಳ್ಳಿಯ ಹೆಣ್ಣುಮಕ್ಕಳಿಗೆ ಮತ್ತೊಂದು ಇರುವುದಿಲ್ಲ, ಆದ್ದರಿಂದ ಅವರು ಬೇಗ ಹೊರಡಲು ಅನುಮತಿ ಕೇಳುವ ಅವಧಿ ಅದೇ. ಬಿಸಿಯೂಟದ ನಂತರದ ಆರನೆಯ ಅವಧಿಯ ಬಗ್ಗೆ ಸಿಬ್ಬಂದಿ ಕೊಠಡಿಯಲ್ಲಿ ಒಂದು ಹಳೆಯ ವಾದವಿದೆ: ‘ಹೆಂಗೂ ನಿದ್ದಿ ಬರತೈತಿ, ಸುಮ್ಮನ ಓದಿಕೊಳ್ಳಲಿ ಬಿಡ್ರಿ ಸರ್’. ಆ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ತುಂಬಿದ ಹೊಟ್ಟೆಯಲ್ಲಿ ಸುಮ್ಮನೆ ಓದಲು ಕೂತವರು ನಿದ್ದೆಯನ್ನೇ ಮಾಡುತ್ತಾರೆ. ಅಲ್ಲಿಗೆ ಚಿತ್ರಕಲೆ, ಭೂಪಟ ಬಿಡಿಸುವುದು, ಪ್ರಯೋಗ, ಹೀಗೆ ಕೈ ಆಡಿಸುವ ಕೆಲಸ ಹಾಕಿ. ಶನಿವಾರ ಸಾಮೂಹಿಕ ಕವಾಯತು ಮುಗಿಸಿ ಬಂದ ಮಕ್ಕಳನ್ನು ಮೌನವಾಗಿ ಕೂರಿಸುವ ಸಾಹಸವನ್ನೂ ಮಾಡಬೇಡಿ.

ಹೀಗೆ ಕಾಟು ಹಾಕಿದ ಮೇಲೆ ಸೋಮವಾರದಿಂದ ಶುಕ್ರವಾರದವರೆಗೆ 2, 3, 4, 5 ಮತ್ತು 7ನೆಯ ಅವಧಿಗಳು, ಅಂದರೆ ಇಪ್ಪತ್ತೈದು ಖಾನೆಗಳು ಉಳಿಯುತ್ತವೆ. ನಮಗೆ ಬೇಕಾದ ಓದಿನ ಅವಧಿಗಳು ಇಪ್ಪತ್ತು.

ಮೂರನೆಯ ಹಂತದಲ್ಲಿಯೇ ಎಲ್ಲರೂ ಎಡವುವುದು, ಆದ್ದರಿಂದ ಇಲ್ಲಿ ಅವಸರ ಬೇಡ. ಬೇರೆ ಯಾವ ವಿಷಯವನ್ನೂ ಮುಟ್ಟುವ ಮೊದಲು ಈ ಇಪ್ಪತ್ತನ್ನು ಹಾಳೆಯ ಮೇಲೆ ಇಡಬೇಕು. ನಾನು ಹಳೆಯ ಲಗ್ನಪತ್ರಿಕೆಗಳನ್ನು ಚಿಕ್ಕ ಚೀಟಿಗಳಾಗಿ ಕತ್ತರಿಸಿ, ಓದಿಗೆ ಕೆಂಪು, ಬೋಧನೆಗೆ ಹಳದಿ ಎಂದು ಬಳಸುತ್ತೇನೆ. ದಪ್ಪ ಕಾಗದವಾದ್ದರಿಂದ ಫ್ಯಾನಿನ ಗಾಳಿಗೆ ಹಾರುವುದಿಲ್ಲ, ರಬ್ಬರಿನಿಂದ ಅಳಿಸಿ ಅಳಿಸಿ ಹಾಳೆಯೂ ತೂತಾಗುವುದಿಲ್ಲ. ಸೋಮವಾರ ಎಂಟನೆಯ ತರಗತಿಯ ಓದು 2ನೆಯ ಅವಧಿಗೆ, ಒಂಬತ್ತರದು 3ಕ್ಕೆ, ಹತ್ತು ‘ಎ’ಯದು 4ಕ್ಕೆ, ಹತ್ತು ‘ಬಿ’ಯದು 5ಕ್ಕೆ. ಮಂಗಳವಾರ ಎಲ್ಲವನ್ನೂ ಒಂದು ಮನೆ ಮುಂದೆ ಸರಿಸಿ: ಎಂಟು 3ಕ್ಕೆ, ಒಂಬತ್ತು 4ಕ್ಕೆ, ಹತ್ತು ‘ಎ’ 5ಕ್ಕೆ, ಹತ್ತು ‘ಬಿ’ 7ಕ್ಕೆ. ಬುಧವಾರ ಮತ್ತೊಂದು ಮನೆ; 7ರ ನಂತರ ಮತ್ತೆ 2ಕ್ಕೆ ಬರಬೇಕು. ಶುಕ್ರವಾರದ ಹೊತ್ತಿಗೆ ಪ್ರತಿ ವಿಭಾಗವೂ ಆ ಐದೂ ಅವಧಿಗಳನ್ನು ಒಮ್ಮೊಮ್ಮೆ ಕಂಡಿರುತ್ತದೆ, ಯಾವ ತರಗತಿಗೂ ವಾರವಿಡೀ ಕೆಟ್ಟ ಹೊತ್ತೇ ಬಂತೆಂಬ ದೂರಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡು ವಿಭಾಗಗಳ ಓದು ಒಂದೇ ಹೊತ್ತಿಗೆ ಎಲ್ಲಿಯೂ ಬೀಳುವುದಿಲ್ಲ. ಬಿದ್ದರೆ ಏನಾಗುತ್ತದೆಂದು ಬಲ್ಲೆ: ಶಿಕ್ಷಕರೊಬ್ಬರು ರಜೆ ಹಾಕಿದ ದಿನ ಎರಡೂ ತರಗತಿಗಳನ್ನು ಒಂದೇ ಕೋಣೆಗೆ ತುಂಬಿ ‘ಕಂಬೈನ್’ ಮಾಡುತ್ತಾರೆ, ಆಮೇಲೆ ಅದೇ ಪದ್ಧತಿಯಾಗುತ್ತದೆ.

ಈ ಸರಿಸಾಟದಲ್ಲಿ ದಿನಕ್ಕೊಂದು ಖಾನೆಯಲ್ಲಿ ಯಾರ ಓದೂ ಇರುವುದಿಲ್ಲ: ಸೋಮವಾರ 7, ಮಂಗಳವಾರ 2, ಬುಧವಾರ 3, ಗುರುವಾರ 4, ಶುಕ್ರವಾರ 5. ಯಾವುದಾದರೂ ಕಾರಣಕ್ಕೆ ಒಂದು ವಿಭಾಗದ ಓದು ತಪ್ಪುವುದೆಂದು ಮೊದಲೇ ಗೊತ್ತಾದರೆ, ಆ ದಿನ ಈ ಖಾನೆಯ ಪಾಠದೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು.

ಇನ್ನು ಯಾವ ಕೆಂಪು ಚೀಟಿಗೆ ಯಾವ ವಿಷಯ ಎಂಬ ಪ್ರಶ್ನೆ. ಓದು ಬಂದ ದಿನ ಅದೇ ವಿಷಯದ ಬೋಧನೆ ಓದಿನ ನಂತರ ಬರಬೇಕು, ಮೊದಲು ಬರಬಾರದು. ಪಾಠ ಮುಗಿದ ಬೆನ್ನಿಗೇ ಓದಲು ಕೂರಿಸಿದರೆ ಮಕ್ಕಳು ಕಿವಿಯಲ್ಲಿನ್ನೂ ಗುಂಯ್ಗುಡುತ್ತಿರುವುದನ್ನು ನಕಲು ಮಾಡುತ್ತಾರೆ, ಎಲ್ಲ ತಿಳಿಯಿತೆಂದುಕೊಳ್ಳುತ್ತಾರೆ. ಒಂದು ರಾತ್ರಿ ಕಳೆದ ಮೇಲೆ, ಇವತ್ತಿನ ಪಾಠಕ್ಕೆ ಮೊದಲು ನಿನ್ನೆಯದನ್ನು ನೆನೆಯಲು ಕೂತಾಗಲೇ ತೂತು ಕಾಣುವುದು. ಕಂಡ ತೂತನ್ನು ಶಿಕ್ಷಕರು ಅದೇ ದಿನದ ಬೋಧನೆಯಲ್ಲಿ ಮುಚ್ಚಬಹುದು. ಹಾಗಾಗಿ ಗಣಿತ ಮತ್ತು ವಿಜ್ಞಾನದ ಓದನ್ನು 2 ಮತ್ತು 3ನೆಯ ಅವಧಿ ಸಿಕ್ಕ ದಿನಗಳಿಗೆ, ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನವನ್ನು 4 ಮತ್ತು 5 ಸಿಕ್ಕ ದಿನಗಳಿಗೆ ಇಡಿ. 7ನೆಯ ಅವಧಿ ಸಿಕ್ಕ ದಿನ ಹಿಂದಿಯ ಓದು; ಹಿಂದಿಗೆ ವಾರಕ್ಕೆ ಐದೇ ಬೋಧನಾ ಅವಧಿಗಳಿರುವುದರಿಂದ ಆ ದಿನ ಅದರ ಪಾಠವನ್ನೇ ಬಿಡಬಹುದು.

ಉಳಿದ ಹಳದಿ ಚೀಟಿಗಳನ್ನು ತುಂಬುವ ನಾಲ್ಕನೆಯ ಹಂತ ನೀವು ಪ್ರತಿ ವರ್ಷ ಮಾಡುವಂಥದ್ದೇ.

ಈ ಕೆಲಸಕ್ಕೆ ಉಚಿತವಾಗಿ ಸಿಗುವ ಕಂಪ್ಯೂಟರ್ ತಂತ್ರಾಂಶಗಳೂ ಇವೆ. ನಾನು ಒಂದನ್ನು ಹಾಕಿ ನೋಡಿದ್ದೆ. ಅದು ಓದನ್ನು ಮತ್ತೊಂದು ವಿಷಯವೆಂದೇ ತಿಳಿದು, ಇಪ್ಪತ್ತರಲ್ಲಿ ಒಂಬತ್ತನ್ನು ಎಂಟನೆಯ ಅವಧಿಗೆ ತಳ್ಳಿತು. ಬಳಸಲೇಬೇಕೆನ್ನುವವರು ಮೊದಲು ಇಪ್ಪತ್ತು ಓದಿನ ಖಾನೆಗಳನ್ನು ಕೈಯಾರೆ ತುಂಬಿ, ಬೀಗ ಹಾಕಿ, ಆಮೇಲೆ ಅದನ್ನು ಓಡಿಸಲಿ. ಪುಸ್ತಕದಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಸಿದ್ಧ ವೇಳಾಪಟ್ಟಿ ಚಾರ್ಟುಗಳಿಗೆ ದುಡ್ಡು ಹಾಕಬೇಡಿ. ನನಗೆ ಸಿಕ್ಕವುಗಳಲ್ಲಿ ಏಳೇ ಕಾಲಂ ಇದ್ದವು.

ಗೋಡೆಗೆ ಹಾಳೆ ಅಂಟಿಸಿದ ಮೇಲೆ ಅದನ್ನು ಕಾಯುವ ಕೆಲಸ ಶುರುವಾಗುತ್ತದೆ. ಓದಿನ ಅವಧಿಗೆ ದೊಡ್ಡ ಶತ್ರು, ಗೈರಾದ ಶಿಕ್ಷಕರ ತರಗತಿಗೆ ಬೇರೆಯವರನ್ನು ಹಾಕುವ ಹೊಂದಾಣಿಕೆ ವಹಿ. ಒಬ್ಬರು ತರಬೇತಿಗೆ ಹೋದರು, ಇನ್ನೊಬ್ಬರು ಓಒಡಿ, ಅಂದರೆ ಅನ್ಯ ಕರ್ತವ್ಯದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋದರು ಎಂದ ಕೂಡಲೇ ‘ಅವರದು ಓದಲ್ಲವೇ, ಮಕ್ಕಳು ತಾವೇ ಓದಿಕೊಳ್ಳುತ್ತಾರೆ’ ಎಂದು ಓದಿನ ಮೇಲಿದ್ದವರನ್ನು ಎಬ್ಬಿಸಿ ಬೇರೆ ತರಗತಿಗೆ ಕಳಿಸುತ್ತಾರೆ. ನಮ್ಮ ಉದಾಹರಣೆಯ ಶಾಲೆಯಲ್ಲಿ ಯಾವುದೇ ಅವಧಿಯಲ್ಲಿ ಏಳು ಶಿಕ್ಷಕರಲ್ಲಿ ನಾಲ್ವರು ತರಗತಿಯಲ್ಲಿದ್ದರೆ ಮೂವರಿಗೆ ಬಿಡುವಿರುತ್ತದೆ. ಹೊಂದಾಣಿಕೆ ಆ ಮೂವರಿಂದಲೇ ಆಗಬೇಕು. ವಹಿಯ ಮೊದಲ ಪುಟದಲ್ಲಿ ‘ಓದಿನ ಅವಧಿಯ ಶಿಕ್ಷಕರನ್ನು ಹೊಂದಾಣಿಕೆಗೆ ಹಾಕತಕ್ಕದ್ದಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ. ಪಾಠ ಹಿಂದುಳಿದಿದೆಯೆಂದು ಓದಿನ ಅವಧಿಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಲ್ಲುವ ಗಣಿತ ಶಿಕ್ಷಕರ ಬಗ್ಗೆಯೂ ಎಚ್ಚರವಿರಲಿ. ಆ ತಪ್ಪನ್ನು ಹೆಚ್ಚು ಮಾಡಿದವನು ನಾನೇ.

ನಲವತ್ತು ನಿಮಿಷವನ್ನು ಬಳಸುವ ರೀತಿಗೂ ಒಂದು ಕಟ್ಟು ಬೇಕು. ಮೊದಲ ಐದು ನಿಮಿಷದಲ್ಲಿ ಕೆಲಸವನ್ನು ಬೋರ್ಡಿನ ಮೇಲೆ ಬರೆಯಿರಿ. ‘ತ್ರಿಭುಜಗಳು ಅಧ್ಯಾಯ ಓದಿ’ ಎಂದರೆ ಸಾಲದು. ‘ಥೇಲ್ಸ್ ಪ್ರಮೇಯವನ್ನು ಪುಸ್ತಕ ನೋಡದೆ ಚಿತ್ರ ಸಹಿತ ಬರೆಯಿರಿ, ಆಮೇಲೆ ಎರಡು ಲೆಕ್ಕ ಬಿಡಿಸಿ’ ಎನ್ನಬೇಕು. ಮುಂದಿನ ಇಪ್ಪತ್ತೈದು ನಿಮಿಷ ಪುಸ್ತಕ ಮುಚ್ಚಿ ಬರವಣಿಗೆ. ಕೊನೆಯ ಹತ್ತು ನಿಮಿಷದಲ್ಲಿ ಪುಸ್ತಕ ತೆರೆದು ಮಕ್ಕಳೇ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳಲಿ. ಇಡೀ ತರಗತಿ ಗಟ್ಟಿಯಾಗಿ ಓದುತ್ತಿದ್ದರೆ ವರಾಂಡದಲ್ಲಿ ಹಾದುಹೋಗುವ ಅಧಿಕಾರಿಗೆ ಸಂತೋಷವಾಗಬಹುದು, ಆದರೆ ಕಲಿಕೆ ಕಡಿಮೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೋಡಿದಾಗ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದಿದ್ದರು. ಪಾಸಾಗಲು ಬೇಕಾದಷ್ಟನ್ನೇ ಕೊಡುವ ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳು ಪುಸ್ತಿಕೆಯನ್ನು ಜುಲೈನಿಂದಲೇ ಓದಿನ ಅವಧಿಯಲ್ಲಿ ನಕಲು ಮಾಡಿಸುವ ಶಾಲೆಗಳಿವೆ. ಅದು ಮಾರ್ಚ್ ತಿಂಗಳ ಔಷಧ. ವರ್ಷವಿಡೀ ಉಣಿಸುವ ಅನ್ನವಲ್ಲ.

ಶಿಕ್ಷಕರ ಕೈಯಲ್ಲೊಂದು ಚಿಕ್ಕ ನೋಟ್‌ಬುಕ್ ಇರಲಿ. ಯಾರು ಎಲ್ಲಿ ಸಿಕ್ಕಿಕೊಂಡರು ಎಂಬುದಕ್ಕೆ ಒಂದೊಂದು ಸಾಲು ಸಾಕು. ಕುರ್ಚಿಯಲ್ಲಿ ಕೂತು ಬೇರೆ ತರಗತಿಯ ಉತ್ತರಪತ್ರಿಕೆ ತಿದ್ದುವ ಅವಧಿ ಇದಲ್ಲ. ಅದಕ್ಕೆ ವಾರದಲ್ಲಿ ಇನ್ನೂ ಹದಿನೇಳು ಬಿಡುವಿನ ಅವಧಿಗಳಿವೆ.

ವೇಳಾಪಟ್ಟಿಯನ್ನು ವರ್ಷದಲ್ಲಿ ಎರಡು ಸಲ ತಿದ್ದಬೇಕಾಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ಹತ್ತಿ ಬಿಡಿಸಲು ಹೋಗುವ ಮಕ್ಕಳು ವಾರಕ್ಕೆರಡು ದಿನ ಕಾಣೆಯಾಗುತ್ತಾರೆ, ಊರ ಸಂತೆಯ ದಿನವೂ ಬೆಂಚುಗಳು ಖಾಲಿಯಿರುತ್ತವೆ. ಹಾಜರಾತಿ ವಹಿಯನ್ನು ನೋಡಿ, ಹೆಚ್ಚು ಗೈರಾಗುವ ದಿನದ ಗಣಿತದ ಕೆಂಪು ಚೀಟಿಯನ್ನು ಹಿಂದಿಯದರೊಂದಿಗೆ ಬದಲಿಸಿ, ಮತ್ತು ತಪ್ಪಿಸಿಕೊಂಡವರಿಗೆ ಆ ತಿಂಗಳುಗಳ ಓದಿನ ಅವಧಿಯಲ್ಲಿ ಬೇರೆ ಕೆಲಸ ಕೊಟ್ಟು ಮುಂದಿನ ಬೆಂಚಿನಲ್ಲಿ ಕೂರಿಸಿ. ಎರಡನೆಯ ತಿದ್ದುಪಡಿ ಫೆಬ್ರವರಿಯಲ್ಲಿ. ಹತ್ತನೆಯ ತರಗತಿಗೆ ಆಗ ಪಾಠ ಮುಗಿದು ಎಲ್ಲವೂ ಓದಿನ ಅವಧಿಯೇ ಆಗುವುದರಿಂದ ಅವರ ಹತ್ತು ಕೆಂಪು ಚೀಟಿಗಳು ಬಿಡುವಾಗುತ್ತವೆ. ಅವುಗಳನ್ನು ಒಂಬತ್ತನೆಯವರಿಗೆ ಕೊಡಿ. ಬಿಸಿಲು ಏರಿ ಬೆಳಗಿನ ಶಾಲೆ ಶುರುವಾಗಿ ಅವಧಿಗಳು ಮೊಟಕಾದರೆ, ಇಪ್ಪತ್ತೈದು ನಿಮಿಷದ ಬರವಣಿಗೆಯನ್ನು ಹಾಗೆಯೇ ಉಳಿಸಿಕೊಂಡು ತಿದ್ದುವುದನ್ನು ಮನೆಗೆ ಕಳಿಸಿ.